ಮೂರು ಸಲವೂ ಇಪ್ಪತ್ತೈದು

1

ಮೊದಲ ವಾಕ್ಯಕ್ಕೇ ನಾಲ್ಕು ದಿನ ಹಿಡಿದಿದೆ ಎಂದರೆ ನೀವು ನಂಬುವುದಿಲ್ಲ. ಹುಡುಗಿ ಬಸ್ಸಿನಿಂದ ಇಳಿಯುವಲ್ಲಿಂದ ಶುರು ಮಾಡಲೇ? ಇಳಿಸಿ ನೋಡಿದೆ. ಇಳಿದವಳು ಅಲ್ಲೇ ನಿಂತುಬಿಟ್ಟಳು, ವಿಶ್ವವಿದ್ಯಾಲಯದ ಗೇಟಿನ ಕಡೆಗೆ ಒಂದು ಹೆಜ್ಜೆಯನ್ನೂ ಹಾಕಲಿಲ್ಲ. ಅವಳು ಅಳುವಲ್ಲಿಂದ? ಮೊದಲ ಸಾಲಿನಲ್ಲೇ ಕಣ್ಣೀರು ಹಾಕುವ ನಾಯಕಿಯನ್ನು ಕಂಡರೆ ಪುಸ್ತಕ ಮುಚ್ಚಿಡುವುದು ನನ್ನದೇ ಅಭ್ಯಾಸ, ಇನ್ನು ನಿಮ್ಮನ್ನೇನು ಕೇಳುವುದು. ಹಾಗಿದ್ದರೆ ಗಾಜಿನ ಕೊಳವೆಯೊಂದರ ಸೊಗಸಾದ ವರ್ಣನೆಯಿಂದ? ಅದನ್ನೂ ಬರೆದೆ. ಒಂದೂವರೆ ಪುಟವಾದರೂ ಕಥೆಯೊಳಗೆ ಒಂದು ನರಪಿಳ್ಳೆಯೂ ಬರಲಿಲ್ಲ.

ಹೋಗಲಿ, ವಿಷಯವನ್ನೇ ಹೇಳಿಬಿಡುತ್ತೇನೆ. (ಕಥೆ ಕಟ್ಟಲು ಬಾರದವರು ಕೊನೆಗೆ ಮಾಡುವುದು ಇದನ್ನೇ.) ಹತ್ತೊಂಬತ್ತು ವರ್ಷದ ಹುಡುಗಿ. ರಸಾಯನಶಾಸ್ತ್ರ ಓದುತ್ತಿದ್ದಾಳೆ. ಮೊದಲ ವರ್ಷದ ಥಿಯರಿ ಪೇಪರುಗಳಲ್ಲಿ ಹೇಗೋ ದಡ ಸೇರಿ, ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದ್ದಾಳೆ. ರಜೆ ಮುಗಿಯುವುದರೊಳಗೆ ರಿಪೀಟ್ ಪರೀಕ್ಷೆ ಇದೆ. ಅದರಲ್ಲಿ ಪಾಸಾದರೆ ಎರಡನೇ ವರ್ಷ. ಆಗದಿದ್ದರೆ, ಅಥವಾ ಪರೀಕ್ಷೆಗೇ ಹೋಗದಿದ್ದರೆ, ಓದು ಅಲ್ಲಿಗೆ ಬಂದ್. ಪರೀಕ್ಷೆಗೆ ಹೋಗುವುದೇ ಬೇಡ ಎಂದು ಅವಳು ಮನಸ್ಸಿನಲ್ಲಿ ಮುಕ್ಕಾಲು ಪಾಲು ತೀರ್ಮಾನಿಸಿಯಾಗಿದೆ. ಉಳಿದ ಕಾಲು ಪಾಲಿನ ಮೇಲೆ ನಾನು ಈ ಕಥೆಯನ್ನು ನಿಲ್ಲಿಸಬೇಕಾಗಿದೆ.

ಕ್ಲಾಸಿನಲ್ಲಿ ಎಲ್ಲರೂ ಅವಳನ್ನು ಫೇರ್ ಕಾಪಿ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

2

ಆ ಹೆಸರು ಅವಳಿಗೆ ಬಂದದ್ದು ಅವಳ ಅಕ್ಷರದಿಂದ, ಅಕ್ಷರ ಬಂದದ್ದು ಮನೆಯಿಂದ. ಅಮ್ಮ ಟೈಲರ್. ಮುಂದಿನ ಕೋಣೆಯೇ ಅಂಗಡಿ: ಎರಡು ಹೊಲಿಗೆಯಂತ್ರ, ಒಂದು ಉದ್ದನೆಯ ಮೇಜು, ಮೇಜಿನ ಕೆಳಗೆ ಎಷ್ಟು ಗುಡಿಸಿದರೂ ಮುಗಿಯದ ದಾರದ ಚೂರು. ಹೊಲಿಗೆ ತಪ್ಪಿದರೆ ಅಮ್ಮ ಬ್ಲೇಡಿನಿಂದ ಬಿಚ್ಚಿ, ಸೂಜಿಯ ತೂತು ಕಾಣದ ಹಾಗೆ ಉಗುರಿನಿಂದ ತೀಡಿ, ಇಸ್ತ್ರಿ ಹಾಕಿ, ಮತ್ತೆ ಹೊಲಿಯುತ್ತಾಳೆ. ತಪ್ಪಾಗಿತ್ತು ಎಂಬುದು ಗಿರಾಕಿಯ ಗಮನಕ್ಕೇ ಬರುವುದಿಲ್ಲ. ಆ ಮೇಜಿನ ತುದಿಯಲ್ಲಿ ಕೂತು ಹೋಂವರ್ಕ್ ಮಾಡಿದವಳ ನೋಟ್‌ಬುಕ್ಕಿನಲ್ಲಿ ಚಿತ್ತು ಇರುವುದು ಸಾಧ್ಯವೇ ಇರಲಿಲ್ಲ.

ಪ್ರಯೋಗಾಲಯದಲ್ಲಿ ಮಾತ್ರ ಕಾನೂನು ಉಲ್ಟಾ. ಮೊದಲ ದಿನವೇ ಮೇಡಂ ಹೇಳಿದ್ದರು. ಕಣ್ಣಿಗೆ ಕಂಡ ಅಂಕಿಯನ್ನು ಕಂಡ ಕ್ಷಣವೇ ಇಂಕಿನಲ್ಲಿ ಬರೆಯಬೇಕು. ತಪ್ಪಾದರೆ ಅಳಿಸುವ ಹಾಗಿಲ್ಲ, ಹಾಳೆ ಹರಿಯುವ ಹಾಗಿಲ್ಲ. ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಕೆಳಗಿನದು ಓದುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಫೇರ್ ಕಾಪಿಗೆ ಇದು ಮೈಮೇಲೆ ಇರುವೆ ಬಿಟ್ಟ ಹಾಗಾಯಿತು. ಅವಳೊಂದು ಉಪಾಯ ಮಾಡಿದಳು. ಲ್ಯಾಬಿನಲ್ಲಿ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಗೀಚಿ, ಚೀಟಿಯನ್ನು ಕೋಟಿನ ಜೇಬಿಗೆ ಸೇರಿಸಿ, ಮನೆಗೆ ಬಂದು ನೋಟ್‌ಬುಕ್ಕಿಗೆ ಮುತ್ತು ಪೋಣಿಸಿದಂತೆ ಇಳಿಸುವುದು. ಉಳಿದವರ ಪುಸ್ತಕಗಳಲ್ಲಿ ಆಸಿಡ್ ಕಲೆ, ಕಾಫಿ ಕಲೆ, ಗೆರೆಯ ಮೇಲೆ ಗೆರೆ. ಅವಳದನ್ನು ಮಾತ್ರ ಮದುವೆ ಕಾಗದದ ಹಾಗೆ ಯಾರ ಕೈಗೆ ಬೇಕಾದರೂ ಕೊಡಬಹುದಿತ್ತು.

4

(ಮೂರನೆಯ ಭಾಗವನ್ನು ಹರಿದು ಹಾಕಿದ್ದೇನೆ. ನಿಮಗೇನೂ ನಷ್ಟವಿಲ್ಲ.)

ಒಂದು ದಿನ ಮೇಡಂ ಅವಳ ನೋಟ್‌ಬುಕ್ ನೋಡಿ ಸೊನ್ನೆ ಹಾಕಿದರು. ಅವಳು ಬರೆದ ಅಂಕಿ ತಪ್ಪಾಗಿತ್ತು. ಆದರೆ ತಪ್ಪು ಅವಳದಲ್ಲ! ಅವಳಿಗೆ ಸಿಕ್ಕಿದ್ದ ಹದಿನೇಳನೇ ನಂಬರಿನ ಬ್ಯುರೆಟ್ಟೇ ಹಾಳಾಗಿತ್ತು. ಎಷ್ಟೋ ವರ್ಷಗಳಿಂದ ಆ ಗಾಜಿನ ಕೊಳವೆ ಸುಳ್ಳು ಅಳತೆ ತೋರಿಸುತ್ತ, ಅಮಾಯಕ ವಿದ್ಯಾರ್ಥಿಗಳನ್ನು—

"ಲೇಖಕರೇ, ಒಂದ್ನಿಮಿಷ."

ಇದು ಅವಳೇ. ಮೇಜಿನ ಆ ಕಡೆ ನಿಂತಿದ್ದಾಳೆ. ಬೆರಳಿನಲ್ಲಿ ಸೂಜಿ, ಹಲ್ಲಿನಲ್ಲಿ ದಾರ.

"ಮೂರನೇ ಭಾಗ ಎಲ್ಲಿ?"

"ಬೇಡ ಅನ್ನಿಸ್ತು, ತೆಗೆದೆ."

"ಯಾಕೆ?"

"ನಿನ್ನ ಮೇಲೆ ಓದುಗರಿಗೆ ಪ್ರೀತಿ ಹುಟ್ಟಬೇಕಲ್ಲ. ಇನ್ನೂ ಶುರುವಿನಲ್ಲೇ ಇದೀವಿ."

"ಬ್ಯುರೆಟ್ ಪಾಪ ಏನ್ ಮಾಡಿತ್ತು ನಿಮಗೆ? ವಾಪಸ್ ಹಾಕಿ. ಇಲ್ದಿದ್ರೆ ನಾನು ಮುಂದಿನ ಪುಟಕ್ಕೆ ಬರಲ್ಲ."

ಪಾತ್ರಗಳಿಗೆ ಸದರ ಕೊಟ್ಟರೆ ಹೀಗೇ, ತಲೆಯ ಮೇಲೆ ಹತ್ತಿ ಕೂರುತ್ತವೆ. ಕಸದ ಬುಟ್ಟಿಯಿಂದ ಹಾಳೆ ತೆಗೆದು ನೆಟ್ಟಗೆ ಮಾಡಿ ಇಲ್ಲಿ ಅಂಟಿಸುತ್ತಿದ್ದೇನೆ. ನಾಲ್ಕನೆಯ ಭಾಗದ ಬ್ಯುರೆಟ್ ಕಥೆಯ ಮೇಲೆ ಒಂದು ಗೆರೆ ಎಳೆದಿದ್ದೇನೆ. ನೀವು ಈಗಾಗಲೇ ಓದಿಬಿಟ್ಟಿದ್ದೀರಿ, ಇರಲಿ.

3

ಪ್ರಯೋಗ ಸರಳ. ಬ್ಯುರೆಟ್ ಎಂದರೆ ಮೈತುಂಬ ಗೆರೆಗಳಿರುವ, ಬುಡದಲ್ಲಿ ನಲ್ಲಿಯಿರುವ ಉದ್ದನೆಯ ಗಾಜಿನ ಕೊಳವೆ. ಅದರಿಂದ ಕೆಳಗಿನ ಫ್ಲಾಸ್ಕಿಗೆ ಹನಿಹನಿಯಾಗಿ ದ್ರಾವಣ ಬಿಡಬೇಕು. ಯಾವುದೋ ಒಂದು ಹನಿಗೆ ಫ್ಲಾಸ್ಕಿನಲ್ಲಿರುವ ಇನ್ನೊಂದು ದ್ರಾವಣ ತಿಳಿಗುಲಾಬಿಗೆ ತಿರುಗುತ್ತದೆ. ತಟ್ಟನೆ ನಲ್ಲಿ ನಿಲ್ಲಿಸಿ, ಕೊಳವೆಯ ಮೇಲಿನ ಅಂಕಿ ಓದಿ ಬರೆಯಬೇಕು. ಹೀಗೆ ಮೂರು ಸಲ. ಒಬ್ಬೊಬ್ಬರ ಬಾಟಲಿಯಲ್ಲೂ ದ್ರಾವಣದ ಗಟ್ಟಿತನ ಬೇರೆ ಬೇರೆ. ಯಾರದು ಎಷ್ಟು ಎಂಬುದು ಮೇಡಂ ಪಟ್ಟಿಯಲ್ಲಿ ಮಾತ್ರ ಇರುತ್ತದೆ.

ಆ ವಾರ ಅಮ್ಮ ಕೋಟನ್ನು ಸೋಪಿನ ನೀರಿಗೆ ಹಾಕಿದಳು. ಜೇಬಿನಲ್ಲಿ ಚೀಟಿ ಇತ್ತು. ಫೇರ್ ಕಾಪಿಯ ಕೈಗೆ ಸಿಕ್ಕಿದ್ದು ಹಿಟ್ಟಿನಂಥ ಮುದ್ದೆ. ನಾಳೆಯೇ ನೋಟ್‌ಬುಕ್ ಒಪ್ಪಿಸಬೇಕು. ಅವಳು ಕೂತು ಯೋಚಿಸಿದಳು. ಫ್ಲಾಸ್ಕಿಗೆ ಹಾಕಿದ್ದು ಇಪ್ಪತ್ತೈದು ಮಿಲಿಲೀಟರ್. ಎರಡೂ ದ್ರಾವಣ ಒಂದೇ ಗಟ್ಟಿ ಇದ್ದರೆ ಬ್ಯುರೆಟ್ಟಿನಿಂದಲೂ ಇಪ್ಪತ್ತೈದೇ ಇಳಿಯಬೇಕು. ಬರೆದಳು. 25.0. ಕೆಳಗೆ, 25.0. ಅದರ ಕೆಳಗೆ, 25.0. ಅಂಕಿಗಳು ಒಂದರ ಕೆಳಗೊಂದು ಎಷ್ಟು ಚೆನ್ನಾಗಿ ಕೂತವೆಂದರೆ ಅವಳಿಗೇ ಖುಷಿಯಾಯಿತು.

ಅವಳ ಬಾಟಲಿಯ ಸರಿಯುತ್ತರ ಇಪ್ಪತ್ತೊಂದರ ಆಸುಪಾಸಿನಲ್ಲಿತ್ತು.

ಮೇಡಂ ಕೂಗಾಡಲಿಲ್ಲ. ನೋಟ್‌ಬುಕ್ಕನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಮನುಷ್ಯರ ಕೈಯಲ್ಲಿ ಮೂರು ಸಲವೂ ಇಪ್ಪತ್ತೈದು ಬರಲ್ಲಮ್ಮಾ" ಎಂದರು. ಅಷ್ಟೇ. ನಲವತ್ತು ಜನ ಕೇಳಿಸಿಕೊಂಡರು. ಅಲ್ಲಿಯವರೆಗೆ ಹೊಗಳಿಕೆಯಾಗಿದ್ದ ಫೇರ್ ಕಾಪಿ ಅಂದಿನಿಂದ ಕಾರಿಡಾರಿನಲ್ಲಿ ಬೆನ್ನ ಹಿಂದೆ ಕೇಳುವ ಹೆಸರಾಯಿತು.

"ಈಗ ಸರಿ" ಎಂದು ಅವಳು ದಾರ ಕಡಿದಳು. "ಸುಳ್ಳು ಬರ್ದಿದ್ದು ನಾನು. ಅದನ್ನ ಬಿಟ್ಟು ನನ್ನ ಕಥೆ ಹೇಳೋದಾದ್ರೆ ಆ ಹುಡುಗಿ ಇನ್ಯಾರೋ."

5

ಆಮೇಲೆ ಆದದ್ದನ್ನು ಬೇಗ ಹೇಳುತ್ತೇನೆ, ಯಾಕೆಂದರೆ ನನಗೇ ಹೇಳಲು ಕಷ್ಟ.

ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಯಿತು. ಬ್ಯುರೆಟ್ ಓದಿ ಇಪ್ಪತ್ತೆರಡೂವರೆ ಎಂದುಕೊಳ್ಳುವಳು, ಬರೆಯುವ ಮೊದಲು ಮತ್ತೆ ಓದುವಳು, ಮತ್ತೆ, ಮತ್ತೆ. ಆರನೇ ಸಲಕ್ಕೆ ಅಂಕಿಗಳೇ ಕಲಸಿಹೋಗುತ್ತಿದ್ದವು. ಲೆಕ್ಚರ್‌ಗಳಲ್ಲಿ ಹಿಂದಿನ ಬೆಂಚಿಗೆ ಸರಿದಳು. ಉತ್ತರ ಗೊತ್ತಿದ್ದರೂ ಬಾಯಿಗೆ ಬೀಗ. ಕ್ಯಾಂಟೀನಿಗೆ ಎಲ್ಲರೂ ಹೋಗಿ ಬಂದ ಮೇಲೆ ಹೋಗುವಳು. ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೂರು ಗಂಟೆ ಹೊತ್ತು ಒಂದೇ ಒಂದು ರೀಡಿಂಗ್ ಎದುರು ನಿಂತಿದ್ದು, ಬೆಲ್ ಹೊಡೆದಾಗ ಖಾಲಿ ಹಾಳೆ ಕೊಟ್ಟು ಬಂದಳು. ಅದು ಅವಳು ಕೊಟ್ಟ ಹಾಳೆಗಳಲ್ಲೇ ಅತ್ಯಂತ ಚೊಕ್ಕಟವಾದದ್ದು.

(ಈ ಕೊನೆಯ ವಾಕ್ಯ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ನಾಚಿಕೆಯಾಯಿತು. ಹುಡುಗಿ ಅಷ್ಟು ನೋಯುತ್ತಿರುವಾಗ ನನಗೆ ಚಮತ್ಕಾರ ಬೇಕಾಗಿದೆ.)

ಮನೆಯಲ್ಲಿ ಹೇಳಲಿಲ್ಲ. "ರಜ" ಎಂದಳು. ಅಮ್ಮನ ಅಂಗಡಿಯಲ್ಲಿ ಗುಂಡಿ ಹೊಲಿಯಲು ಕೂತಳು. ಗುಂಡಿ ಅವಳನ್ನು ಏನೂ ಕೇಳುತ್ತಿರಲಿಲ್ಲ.

6

ಒಂದು ಬೆಳಿಗ್ಗೆ ಗಾಜಣ್ಣ ಅಂಗಡಿಗೆ ಬಂದ. ಲ್ಯಾಬಿನ ಸಹಾಯಕ. ಗಾಜಿನ ಸಾಮಾನು ತೊಳೆದು ಒರೆಸಿ ಜೋಡಿಸಿ, ಒಡೆದವರ ಮೇಲೆ ಹಾರಾಡುವುದು ಅವನ ಕೆಲಸವಾದ್ದರಿಂದ ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಹೆಗಲ ಮೇಲೆ ದೊಡ್ಡ ಗಂಟು. ಒಳಗೆ ಲ್ಯಾಬಿನ ಮೂವತ್ತೆರಡು ಬಿಳಿ ಕೋಟು: ಗುಂಡಿ ಕಿತ್ತವು, ಜೇಬು ಹರಿದವು, ಆಸಿಡ್ ಬಿದ್ದು ತೂತಾದವು.

"ಅರೆ, ನೀನು ಇಲ್ಲಿದೀಯೇನಮ್ಮಾ!" ಎಂದ. "ರಿಪೀಟ್ ಪರೀಕ್ಷೆಗೆ ಫಾರ್ಮ್ ಹಾಕಿದ್ಯೋ ಇಲ್ವೋ? ಶುಕ್ರವಾರ ಕೊನೇ ದಿನ."

ಹೊಲಿಗೆಯಂತ್ರ ನಿಂತಿತು.

(ಇಲ್ಲಿ ಅರ್ಧ ಪುಟ ಮೌನವನ್ನು ವರ್ಣಿಸಿದ್ದೆ. ಹೊಡೆದಿದ್ದೇನೆ. ಯಂತ್ರ ನಿಂತಿತು, ಸಾಕು.)

"ಯಾವ ಪರೀಕ್ಷೆ?" ಎಂದಳು ಅಮ್ಮ.

ಗಾಜಣ್ಣ ನಾಲಿಗೆ ಕಚ್ಚಿಕೊಂಡು, ಗಂಟು ಬಿಚ್ಚಿ, ಯಾರೂ ಕೇಳದಿದ್ದರೂ ಕೋಟುಗಳನ್ನು ಮಡಿಸತೊಡಗಿದ.

"ಫೇಲಾಗಿದೀಯಾ?"

"ಹೂಂ."

"ಯಾವಾಗಿಂದ?"

ಜ್ವರ ಬಂದವರನ್ನು ಕೇಳುವ ಹಾಗೆ ಕೇಳಿದ್ದು ಕಂಡು ಫೇರ್ ಕಾಪಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎಲ್ಲವನ್ನೂ ಹೇಳಿದಳು. ಚೀಟಿ, ಮುದ್ದೆ, ಇಪ್ಪತ್ತೈದು, ಖಾಲಿ ಹಾಳೆ.

ಅಮ್ಮನ ಮುಖ ಚಿಕ್ಕದಾಯಿತು. "ಆ ಕೋಟು ನೆನೆಸಿದ್ದು ನಾನಲ್ವೇನೇ?"

"ಜೇಬಲ್ಲಿ ಇಟ್ಟಿದ್ದು ನಾನಮ್ಮಾ. ಬರ್ದಿದ್ದೂ ನಾನೇ."

ಅಮ್ಮ ಎದ್ದು ನೋಟ್‌ಬುಕ್ ತರಿಸಿ ನೋಡಿದಳು. "ಎಷ್ಟು ಮುದ್ದಾಗಿ ಬರ್ದಿದೀಯಲ್ಲೇ" ಎಂದಳು. ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಆಮೇಲೆ ಮೇಡಮ್ಮಿನ ಕಾನೂನನ್ನು, ಆ ಒಂದೇ ಗೆರೆಯ ಸಂಗತಿಯನ್ನು ಮಗಳು ವಿವರಿಸಿದಾಗ, "ಅಯ್ಯೋ, ಇಷ್ಟೇನಾ?" ಎಂದು ಗೋಡೆಗೆ ನೇತುಹಾಕಿದ್ದ ಅಳತೆ ಪುಸ್ತಕವನ್ನು ಇಳಿಸಿದಳು. ಮೂಲೆಗಳು ಮುದುರಿ, ಎಣ್ಣೆ ಕುಡಿದು ದಪ್ಪವಾಗಿದ್ದ ಪುಸ್ತಕ.

"ಈ ಪೋಸ್ಟ್ ಮಾಸ್ಟರ ಸೊಂಟ ನೋಡು. ಮೂವತ್ತೆರಡು. ಹೊಡೆದು, ಮೂವತ್ನಾಲ್ಕು. ಹೊಡೆದು, ಮೂವತ್ತೇಳು. ಹಳೇದನ್ನ ಅಳಿಸಿಬಿಟ್ರೆ, ಮುಂದಿನ ಸಲ ಒಳಗಡೆ ಎಷ್ಟು ಬಟ್ಟೆ ಬಿಡ್ಬೇಕು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

"ಮತ್ತೆ ನೀನು ಹೊಲಿಗೆ ಬಿಚ್ಚಿದ್ದು ಯಾರಿಗೂ ಕಾಣಿಸದ ಹಾಗೆ ತೀಡ್ತೀಯಲ್ಲ?"

"ಅದು ಗಿರಾಕಿಗೆ ಕಣೇ. ಇದು ನಂಗೆ."

(ಇಷ್ಟು ಅಚ್ಚುಕಟ್ಟಾಗಿ ಒಂದಕ್ಕೊಂದು ಹೊಂದಿಕೊಂಡಾಗ ನನಗೆ ಅನುಮಾನ ಬರುತ್ತದೆ. ನಿಮಗೂ ಬಂದಿರಬೇಕು. ಆದರೆ ಟೈಲರುಗಳ ಪುಸ್ತಕ ತೆಗೆದು ನೋಡಿ, ಹಾಗೇ ಇರುತ್ತದೆ. ನಾನೇನು ಮಾಡಲಿ?)

ಇಷ್ಟಕ್ಕೇ ಹುಡುಗಿಯ ಕಣ್ಣು ತೆರೆಯಿತು, ಧೈರ್ಯ ಬಂತು ಎಂದು ಬರೆದರೆ ಶುದ್ಧ ಸುಳ್ಳಾಗುತ್ತದೆ. ಅವಳು ಮೂಗೊರೆಸಿಕೊಂಡು, "ಅದೆಲ್ಲ ಸರಿ, ಓದಿದ ಅಂಕಿನ ಬರೆಯೋಕೇ ಆಗಲ್ಲ ನಂಗೆ" ಎಂದಳು.

ಗಾಜಣ್ಣ ಆಗ ಬಾಯಿ ಬಿಟ್ಟ. "ಫಾರ್ಮ್ ಹಾಕೋದು ಬಿಡೋದು ನಿನ್ನಿಷ್ಟ ಕಣಮ್ಮಾ. ನಾಳೆಯಿಂದ ಲ್ಯಾಬಿಗೆ ಬಂದು ನನ್ನ ಜೊತೆ ಕೈ ಜೋಡಿಸು. ಅರವತ್ತು ಬ್ಯುರೆಟ್ಟು ತೂಗಿ ನೋಡ್ಬೇಕು. ಮಾರ್ಕ್ಸ್ ಇಲ್ಲ, ಯಾರೂ ಬೈಯಲ್ಲ. ಒಡೆದ್ರೆ ಮಾತ್ರ ನಾನು ಬೈತೀನಿ."

7

ಕೆಲಸ ಇಷ್ಟು. ಬ್ಯುರೆಟ್ಟಿಗೆ ಬರೀ ನೀರು ತುಂಬುವುದು. ಹತ್ತರ ಗೆರೆಯವರೆಗೆ ಇಳಿಸಿ, ಇಳಿದ ನೀರನ್ನು ತಕ್ಕಡಿಯಲ್ಲಿ ತೂಗುವುದು. ಹತ್ತು ಮಿಲಿಲೀಟರ್ ನೀರಿನ ತೂಕ ಎಷ್ಟಿರಬೇಕೆಂದು ಗೊತ್ತೇ ಇದೆ. ಹೆಚ್ಚು ಕಡಿಮೆ ಬಂದಷ್ಟು ಆ ಕೊಳವೆ ತಪ್ಪು ಹೇಳುತ್ತಿದೆ ಎಂದು ಅರ್ಥ. ಆಮೇಲೆ ಇಪ್ಪತ್ತರ ಗೆರೆ, ಮೂವತ್ತು, ನಲವತ್ತು, ಐವತ್ತು. ಅರವತ್ತು ಬ್ಯುರೆಟ್, ಮುನ್ನೂರು ತೂಕ. ಇದಕ್ಕಿಂತ ಬೇಸರದ ಕೆಲಸವನ್ನು ಯಾವ ನಾಯಕಿಗೂ ಯಾವ ಲೇಖಕನೂ ಕೊಟ್ಟಿರಲಾರ.

ಮೊದಲ ದಿನ ಆರು ಸಲ ಓದಿ, ಬರೆದು, ಹೊಡೆದು, ಬರೆದಳು. ಪುಟ ನೋಡುವ ಹಾಗಿರಲಿಲ್ಲ. ಗಾಜಣ್ಣ ಆ ಪುಟವನ್ನು ಎಳೆದುಕೊಂಡು, ಅದರಲ್ಲಿದ್ದ ಅಂಕಿಯನ್ನು ರಟ್ಟಿನ ಚೀಟಿಗೆ ಇಳಿಸಿ, ಬ್ಯುರೆಟ್ಟಿನ ಕುತ್ತಿಗೆಗೆ ದಾರದಿಂದ ಕಟ್ಟಿಬಿಟ್ಟ.

"ಅಣ್ಣಾ, ಒಂದ್ಸಲ ನೀವು ಚೆಕ್ ಮಾಡಲ್ವಾ?"

"ಯಾಕೆ? ನೀನು ಮಾಡಿದೀಯಲ್ಲ."

ಅವಳು ತುಂಬ ಹೊತ್ತು ಆ ಚೀಟಿಯನ್ನೇ ನೋಡುತ್ತಿದ್ದಳು. ಮುಂದಿನ ವರ್ಷ ಯಾರೋ ಹೊಸಬರು ಬಂದು, ಅವಳ ಅಂಕಿಯನ್ನು ನಂಬಿ, ತಮ್ಮ ಲೆಕ್ಕದಲ್ಲಿ ಅಷ್ಟನ್ನು ಕೂಡಿಸುತ್ತಾರೆ ಅಥವಾ ಕಳೆಯುತ್ತಾರೆ. ಅವರಿಗೆ ಅವಳ ಚಿತ್ತು ಕಾಣುವುದಿಲ್ಲ. ಆದರೆ ಚಿತ್ತಿಲ್ಲದೆ ಆ ಅಂಕಿ ಬಂದಿಲ್ಲ. ಅವಳಿಗೆ ಭಯವಾಯಿತು. ಭಯದ ಜೊತೆಗೆ, ಎಷ್ಟೋ ತಿಂಗಳಿಂದ ಮರೆತೇಹೋಗಿದ್ದ ಒಂದು ಹೆಮ್ಮೆಯೂ ಆಯಿತು.

ಎರಡನೇ ದಿನ ಮೂರು ಸಲ ಓದಿದಳು. ನಾಲ್ಕನೇ ದಿನ ಎರಡು ಸಲ. ಶುಕ್ರವಾರ ಮಧ್ಯಾಹ್ನ ಊಟ ಬಿಟ್ಟು ಓಡಿಹೋಗಿ ಫಾರ್ಮ್ ಹಾಕಿ ಬಂದಳು. ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ರಸೀದಿ ಕೋಟಿನ ಜೇಬಿನಿಂದ ಇಣುಕುತ್ತಿದ್ದುದನ್ನು ನೋಡಿ ತಿಳಿದುಕೊಂಡೆ.

ಹದಿನೇಳನೇ ನಂಬರು ಎರಡನೇ ವಾರ ಕೈಗೆ ಬಂತು. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಐದೂ ಗೆರೆಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇಡೀ ಲ್ಯಾಬಿನಲ್ಲೇ ಅತ್ಯಂತ ನಿಯತ್ತಿನ ಬ್ಯುರೆಟ್ ಅದು.

"ನೋಡಿದ್ರಾ ಲೇಖಕರೇ" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಹಲ್ಲು ಕಿರಿದೆ, ಮತ್ತೇನು ಮಾಡುವುದು.

ಮರುದಿನ ಗಾಜಣ್ಣ ನಲವತ್ತೊಂದನೆಯದಕ್ಕೆ ಚೀಟಿ ಕಟ್ಟುತ್ತಿದ್ದ. ಅವಳು ಆಚೆ ಕಡೆಯ ಬೆಂಚಿನಿಂದಲೇ ಕೂಗಿದಳು.

"ಅಣ್ಣಾ, ಅದು ಮೈನಸ್."

"ಪ್ಲಸ್ಸಲ್ವೇನಮ್ಮಾ?"

"ಅಲ್ಲ. ಮೈನಸ್."

"ನಂಗ್ಯಾಕೋ ಪ್ಲಸ್ಸೇ ಅನ್ಸತ್ತೆ. ಇದು ನನ್ನ ಕೈಯಲ್ಲಿ ಇಪ್ಪತ್ತು ವರ್ಷದಿಂದ ಇದೆ."

"ಇರ್ಬಹುದು ಅಣ್ಣಾ. ನಿನ್ನೆ ತೂಗಿದ್ದು ನಾನು. ಮೈನಸ್."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಗಾಜಣ್ಣ ಅವಳ ಪುಸ್ತಕ ನೋಡಿದ, ತಲೆ ಕೆರೆದುಕೊಂಡ, ಚೀಟಿ ಬದಲಾಯಿಸಿದ. ಮಾತು ಅಲ್ಲಿಗೆ ಮುಗಿಯಿತು. ಹುಡುಗಿ ಮುಂದಿನ ಬ್ಯುರೆಟ್ಟಿಗೆ ನೀರು ತುಂಬಿಸಿದಳು.

8

ಈಗ ಮುಕ್ತಾಯ. ನನ್ನ ಹತ್ತಿರ ತಯಾರಿರುವ ಮಾಲು ಹೀಗಿದೆ.

(ಅ) ರಿಪೀಟ್ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. "ಮೇಡಮ್ಮಾ? ಅಳೋದಾ?" ಎಂದು ಫೇರ್ ಕಾಪಿ ಮೂಗು ಮುರಿದಳು. ಹೊಡೆದೆ.

(ಆ) ಪರೀಕ್ಷೆಗೆ ಹೋಗದೆ, ಅಂಗಡಿಯಲ್ಲೇ ಅಮ್ಮನ ಜೊತೆ ಸುಖವಾಗಿ ಹೊಲಿಯುತ್ತ ಉಳಿಯುತ್ತಾಳೆ. ಇದಕ್ಕೆ ಅಮ್ಮನೇ ಕತ್ತರಿ ಹಿಡಿದು ಬಂದಳು. "ರೀ, ಅವಳು ಹೊಲಿದ ಗುಂಡಿ ನೋಡಿದೀರಾ? ಮೂವತ್ತೆರಡು ಕೋಟೂ ನಾನು ಮತ್ತೆ ಬಿಚ್ಚಿ ಹೊಲಿದೆ. ನನ್ನ ಅಂಗಡಿ ಮೇಲೆ ಯಾಕೆ ಕಣ್ಣು ನಿಮಗೆ?" ಹೊಡೆದೆ.

(ಇ) ಹತ್ತು ವರ್ಷಗಳ ನಂತರ, ಅದೇ ಪ್ರಯೋಗಾಲಯದಲ್ಲಿ, ಪ್ರೊಫೆಸರಾಗಿ... ಇದನ್ನು ನಾನೇ ಹೊಡೆದೆ. ನಿಮ್ಮೆದುರು ಅಷ್ಟಾದರೂ ಮಾನ ಉಳಿಯಲಿ.

ಹಾಗಾಗಿ ಸುಮ್ಮನೆ ಅವಳ ಹಿಂದೆ ಲ್ಯಾಬಿಗೆ ಹೋಗಿದ್ದೇನೆ. ಬೆಳಿಗ್ಗೆ ಹತ್ತು ಗಂಟೆ. ರಿಪೀಟ್ ಬರೆಯುವವರು ಏಳು ಜನ. ಅವಳು ಜೇಬಿನೊಳಗೆ ಕೈ ಹಾಕಿ, ಖಾಲಿ ಎಂದು ಖಾತ್ರಿ ಮಾಡಿಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು.

ಮೊದಲ ಸಲ, 23.4. ಎರಡು ಸಲ ಓದಿ ಬರೆದಳು.

ಎರಡನೇ ಸಲ ನಲ್ಲಿ ತಿರುಗಿಸುವಾಗ ಬೆರಳು ಜಾರಿತು. ಫ್ಲಾಸ್ಕಿನ ತುಂಬ ಗಾಢ ಗುಲಾಬಿ. ದಾಟಿಹೋಗಿತ್ತು. ಖಾಲಿ ಹಾಳೆಯ ದಿನದ ಹಾಗೆ ನಿಂತೇಬಿಡುತ್ತಾಳೇನೋ ಎಂದುಕೊಂಡೆ. ಅವಳು ಆ ಬಣ್ಣ ನೋಡಿದಳು. ಆಮೇಲೆ 23.9 ಎಂದು ಬರೆದು, ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ "ದಾಟಿತು" ಎಂದು ಬರೆದು ಸಹಿ ಹಾಕಿದಳು. ಅಕ್ಷರ ಸೊಟ್ಟಗಿತ್ತು.

ಮೂರನೇ ಸಲ, 23.5.

ಮೇಡಂ ಒಬ್ಬೊಬ್ಬರ ಬೆಂಚನ್ನೂ ನೋಡುತ್ತ ಬಂದರು. ಅವಳ ಪುಟದ ಮೇಲೆ ಬೆರಳಿಟ್ಟರು.

"ಇದೇನಿದು?"

"ನಲ್ಲಿ ಜಾರ್ತು ಮೇಡಂ. ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಇನ್ನೊಂದ್ಸಲ ಮಾಡ್ತೀನಿ."

"ಹದಿನೈದು ನಿಮಿಷ ಇದೆ."

"ಸಾಕು ಮೇಡಂ."

ಮೇಡಂ ಅವಳ ಮುಖ ನೋಡಿದರು. ಏನೋ ಹೇಳುತ್ತಾರೆಂದು ನಾನು ಪೆನ್ನು ಹಿಡಿದು ಕಾದೆ. ಅವರು ಮುಂದಿನ ಬೆಂಚಿಗೆ ಹೋದರು.

ಅವಳು ಬ್ಯುರೆಟ್ ತುಂಬಿದಳು. ಇಪ್ಪತ್ತರವರೆಗೆ ಧಾರೆಯಾಗಿ ಬಿಟ್ಟಳು. ಆಮೇಲೆ ಹನಿ. ಹನಿ. ನನಗೆ ತಡೆಯಲಾಗಲಿಲ್ಲ. ಓದುಗರು ಕಾಯುತ್ತಿದ್ದಾರೆ, ಕಥೆ ಮುಗಿಸಬೇಕು, ನಾಲ್ಕು ದಿನ ಕೂತು ಶುರು ಮಾಡಿದ್ದೇನೆ. ಅವಳ ಹೆಗಲ ಮೇಲಿಂದ ಬಗ್ಗಿ ಕೇಳಿದೆ.

"ಎಷ್ಟು ಬಂತು? ಸರಿಯುತ್ತರ ಎಷ್ಟಿರಬಹುದು? ಪಾಸಾಗ್ತೀಯಾ?"

"ಗೊತ್ತಿಲ್ಲ" ಎಂದಳು, ಕಣ್ಣು ಫ್ಲಾಸ್ಕಿನಿಂದ ಕದಲಿಸದೆ. "ನೋಡಿ ಹೇಳ್ಬೇಕು. ಸ್ವಲ್ಪ ಆಚೆ ಸರೀರಿ, ಬೆಳಕಿಗೆ ಅಡ್ಡ ನಿಂತಿದೀರಾ."

ಸರಿದು ನಿಂತಿದ್ದೇನೆ. ಇಲ್ಲಿಂದ ಬಣ್ಣ ಕಾಣುವುದಿಲ್ಲ.